ಮೊದಲ ತಿಂಗಳು ಉಳಿದದ್ದು ಐನೂರು ರೂಪಾಯಿ

ಇಳಕಲ್ ಸೀರೆಗಳನ್ನು ವಾಟ್ಸ್‌ಆ್ಯಪ್ ಮೂಲಕ ಮಾರಲು ನನಗೆ ಜೊತೆಗಾರ್ತಿಯರು ಬೇಕಾಗಿದ್ದರು. ಅವರು ಪರಿಚಯದವರಿಗೆ ಫೋಟೋ ತೋರಿಸಿ ಆರ್ಡರ್ ತರಬೇಕು, ಸೀರೆ ಕಳಿಸುವುದು ನಾನು. ಮೊದಲು ಮಾಡಿಸಿದ ಪೋಸ್ಟರಿನಲ್ಲಿ ‘ಮನೆಯಲ್ಲೇ ಕುಳಿತು ಕೈತುಂಬ ಗಳಿಸಿ’ ಎಂದು ಬರೆಸಿದ್ದೆ. ಫೋನ್ ಮಾಡಿದವರೆಲ್ಲ ಕೇಳಿದ್ದು ಇಷ್ಟೇ: “ಅಕ್ಕಾ, ಮೊದಲು ಎಷ್ಟು ಕಟ್ಟಬೇಕು? ಎಷ್ಟು ಜನರನ್ನು ಸೇರಿಸಬೇಕು?”

ನನಗೆ ನೋವಾಯಿತು. ಆದರೆ ಅವರ ಭಯ ಸುಳ್ಳಲ್ಲ. ಚೈನ್ ವ್ಯವಹಾರದಲ್ಲಿ ಹಣ ಕಳೆದುಕೊಂಡವರು ನಮ್ಮ ಬಂಧುಗಳಲ್ಲೇ ಇದ್ದಾರೆ. ಜನರನ್ನು ಸೇರಿಸಿದ್ದಕ್ಕೆ ಹಣ ಕೊಡುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಆದರೂ ಆ ವಂಚಕರ ಮಾತನ್ನೇ ನಾನು ಪೋಸ್ಟರಿಗೆ ಹಾಕಿದ್ದೆ.

ಅದನ್ನು ತೆಗೆದು ಲೆಕ್ಕದ ಪುಸ್ತಕದ ಒಂದು ಪುಟದ ಫೋಟೋ ಕಳಿಸತೊಡಗಿದೆ. ಧಾರವಾಡದ ಜೊತೆಗಾರ್ತಿಯೊಬ್ಬರ ಮೊದಲ ತಿಂಗಳ ಪುಟ ಅದು, ಅವರನ್ನು ಕೇಳಿಯೇ ಹೆಸರು ಮರೆಮಾಡಿ ಕಳಿಸಿದ್ದು. ನನ್ನಿಂದ 1,500 ರೂಪಾಯಿಗೆ ಪಡೆದ ಸೀರೆಯನ್ನು ಅವರು 1,800ಕ್ಕೆ ಮಾರಿದ್ದರು. ಕೊರಿಯರ್ 80 ಹೋಗಿ ಒಂದಕ್ಕೆ 220 ಉಳಿಯಿತು. ನಾಲ್ಕು ಸೀರೆ ಹೋದವು, ಒಂದು ಮರಳಿ ಬಂತು. ಮೂರರ ಲಾಭ 660. ಮರಳಿದ ಸೀರೆಯ ಹೋಗಿಬರುವ ಖರ್ಚು 160 ಕಳೆದರೆ 500.

ಇಷ್ಟು ಕಡಿಮೆ ತೋರಿಸಿದರೆ ಯಾರು ಬರುತ್ತಾರೆ ಎಂದು ಮನೆಯವರು ಬೈದರು. ಕೆಲವರು ಪುಟ ನೋಡಿ ಸುಮ್ಮನಾದದ್ದೂ ಹೌದು. ಉಳಿದವರು ಮಾತ್ರ ಕೆಲಸದ ಪ್ರಶ್ನೆಗಳನ್ನು ಕೇಳತೊಡಗಿದರು. ಗದಗಿನ ಒಬ್ಬರು, “ಸೀರೆಯಲ್ಲಿ ದೋಷವಿದ್ದು ಮರಳಿದರೂ ಆ 160 ನನ್ನ ಮೇಲೆಯೇ ಬೀಳಬೇಕೇ?” ಎಂದರು. ನ್ಯಾಯವಾದ ಪ್ರಶ್ನೆ. ಅಂದಿನಿಂದ ದೋಷವಿದ್ದರೆ ಎರಡೂ ಕಡೆಯ ಖರ್ಚು ನನ್ನದೆಂದು ಬರೆದುಕೊಟ್ಟೆ. ಯಾರೂ ಮುಂಗಡ ಕಟ್ಟಬೇಕಿಲ್ಲ, ಮಾರಾಟವಾಗದ ಸೀರೆ ನನ್ನ ಕಪಾಟಿನಲ್ಲೇ ಇರುತ್ತದೆ ಎಂಬುದನ್ನೂ ಸೇರಿಸಿದೆ. ಕರ್ನಾಟಕದ ಸಂಕೇತವಾದ 29ರಿಂದ ಆರಂಭವಾಗುವ ನನ್ನ ಜಿಎಸ್‌ಟಿ ಸಂಖ್ಯೆ ಕೊಟ್ಟು, ಇಲಾಖೆಯ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಿ ಎಂದೆ.

ಸೀರೆಯ ಮೇಲೆ ನಂಬಿಕೆ ಬರಬೇಕಲ್ಲ, ಅದಕ್ಕೆ ಮಗ್ಗವನ್ನೇ ತೋರಿಸಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ, ಅಂದರೆ ಉದ್ದನೆಯ ಎಳೆಗಳಿಗೂ, ಸೆರಗಿನ ಹಾಸಿಗೂ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದು ಬಹಳ ತಾಳ್ಮೆಯ ಕೆಲಸ. ನೇಕಾರರ ಒಪ್ಪಿಗೆ ಪಡೆದು ಆ ಕೈಗಳ ವಿಡಿಯೋ ಮಾಡಿದೆ, ಹಿನ್ನೆಲೆ ಸಂಗೀತ ಹಾಕಲಿಲ್ಲ, ಮಗ್ಗದ ಸದ್ದನ್ನೇ ಉಳಿಸಿದೆ. ಪ್ರತಿ ಸೀರೆಯ ಆ ಕೂಡುಗೆರೆಯ ಹಿಂಬದಿಯ ಫೋಟೋ ಕೂಡ ಕಳಿಸುತ್ತೇನೆ. ಬಣ್ಣ ಕಂಡು ಮೆಚ್ಚಿದವರು ಅದನ್ನು ನೋಡಿ ಖರೀದಿಸುತ್ತಾರೆ.

ಗದಗಿನವರು ಸೇರಿದರು. ಈಗ ಹೊಸಬರು ವಿಚಾರಿಸಿದರೆ ಅವರೊಡನೆಯೇ ಮಾತನಾಡಿಸುತ್ತೇನೆ. ಅವರು ಮೊದಲು ಕಳಿಸುವುದು ತಮ್ಮದೇ ಲೆಕ್ಕದ ಪುಟವನ್ನು, ಮರಳಿ ಬಂದ ಸೀರೆಗಳ ಕೆಳಗೆ ಕೆಂಪು ಗೆರೆ ಎಳೆದು.