ಸ್ಟೇಟಸ್ ಕೇಳುವುದು ಬಿಟ್ಟು ಶೇಕಡಾ ಬರೆಯತೊಡಗಿದೆ: ಒಬ್ಬ ಪ್ರೋಗ್ರಾಂ ಮ್ಯಾನೇಜರ್ ಅನುಭವ

ಗ್ಯಾಂಟ್ ಚಾರ್ಟ್ ಹೇಗೆ ಹಾಕಬೇಕು, ರಿಸ್ಕ್ ರಿಜಿಸ್ಟರ್ ಎಂದರೇನು ಎಂದೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತು. ಒಂಬತ್ತು ತಂಡಗಳಿದ್ದ ಒಂದು ಪ್ರೋಗ್ರಾಂ (ಹಲವು ಪ್ರಾಜೆಕ್ಟ್ ಸೇರಿದ ದೊಡ್ಡ ಕೆಲಸ) ಈ ಸಲ ಹೇಳಿದ ತಿಂಗಳಲ್ಲೇ ಮುಗಿಯಿತು. ಮೀಸಲು ಹಣದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಉಳಿಯಿತು. ಅದಕ್ಕೆ ಮುಂಚಿನ ಎರಡು ವರ್ಷ ನನ್ನ ಪದ್ಧತಿ ನೋಡಿ ನಕ್ಕವರೇ ಜಾಸ್ತಿ. "ಕಣಿ ಹೇಳೋದು ಯಾವಾಗಿಂದ ಶುರು ಮಾಡಿದ್ರಿ?" ಎಂದು ಒಬ್ಬ ಡೆಲಿವರಿ ಹೆಡ್ ಎಲ್ಲರೆದುರೇ ಕೇಳಿದ್ದರು. ಈಗ ಅವರ ತಂಡದವರೇ ನನ್ನ ಶೀಟಿನ ನಕಲು ಇಸಿದುಕೊಂಡು ಹೋಗಿದ್ದಾರೆ. ಹಾಗಾಗಿ ಸ್ವಲ್ಪ ಜಂಭದಿಂದಲೇ ಬರೆಯುತ್ತಿದ್ದೇನೆ.

ಪದ್ಧತಿ ಸಣ್ಣದು. ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಹೋಗಬೇಕಾದ ಪ್ರತಿಯೊಂದಕ್ಕೂ "ಈ ತಾರೀಖಿನೊಳಗೆ ಕೈ ಸೇರುವ ಸಾಧ್ಯತೆ ಶೇ ಇಷ್ಟು" ಎಂದು ನಾನೇ ಬರೆದಿಡುತ್ತೇನೆ. ತಾರೀಖು ಬಂದಾಗ, ಕೈ ಸೇರಿದ್ದರೆ ಪಕ್ಕದಲ್ಲಿ 1, ಇಲ್ಲದಿದ್ದರೆ 0 ಹಾಕುತ್ತೇನೆ. ತಿಂಗಳ ಕೊನೆಗೆ ನನ್ನ ಅಂದಾಜಿಗೆ ನಾನೇ ಅಂಕ ಕೊಟ್ಟುಕೊಳ್ಳುತ್ತೇನೆ. ತಂಡದ ಒಳಗೆ ಯಾರು ಏನು ಮಾಡುತ್ತಿದ್ದಾರೆ ಎಂಬ ಗೋಜಿಗೆ ಹೋಗುವುದಿಲ್ಲ. ಅದು ಪ್ರಾಜೆಕ್ಟ್ ಮ್ಯಾನೇಜರುಗಳ ಕೆಲಸ.

ಇಲ್ಲಿಗೆ ಬರುವ ಮುಂಚೆ ಕಲಿಕೆಗೆ ಅಂತ ಸಾಕಷ್ಟು ದುಡ್ಡು ಸುರಿದಿದ್ದೇನೆ. ಮೊದಲು ಪ್ರಾಜೆಕ್ಟ್ ಮ್ಯಾನೇಜರುಗಳ ಪ್ರಮಾಣಪತ್ರ ಪಿಎಂಪಿ, ಆಮೇಲೆ ಪ್ರೋಗ್ರಾಂ ಮ್ಯಾನೇಜರುಗಳ ಪಿಜಿಎಂಪಿ. ಎರಡನೆಯದು ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಎಂಬ ಸಂಸ್ಥೆ 2007ರಲ್ಲಿ ತಂದ ಪ್ರಮಾಣಪತ್ರ. ಅರ್ಜಿಯನ್ನು ಅನುಭವಿ ಪ್ರೋಗ್ರಾಂ ಮ್ಯಾನೇಜರುಗಳ ಸಮಿತಿ ಓದಿ ಒಪ್ಪಬೇಕು, ಆಮೇಲೆ 170 ಪ್ರಶ್ನೆ, 4 ಗಂಟೆ. ನಿಜ ಹೇಳಬೇಕೆಂದರೆ ಪರೀಕ್ಷೆಗಿಂತ ಅರ್ಜಿಯೇ ನನಗೆ ಹೆಚ್ಚು ಕಲಿಸಿತು. ನಾನು ನಡೆಸಿದ ಪ್ರೋಗ್ರಾಂನಿಂದ ಯಾರಿಗೆ ಏನು ಲಾಭವಾಯಿತು ಎಂದು ಸುತ್ತಿ ಬಳಸದೆ ಬರೆಯುವುದು ಎಷ್ಟು ಕಷ್ಟ ಅನ್ನುವುದು ಆಗ ಗೊತ್ತಾಯಿತು. ಆದರೆ ನನ್ನ ಎರಡು ವರ್ಷದ ತರಬೇತಿ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು. ಉಳಿದದ್ದರಲ್ಲಿ ದೊಡ್ಡ ಪಾಲು ನಾಯಕತ್ವ, ಪ್ರಭಾವ ಅಂತೆಲ್ಲ ಹೆಸರಿದ್ದ ಎರಡೆರಡು ದಿನದ ಕಾರ್ಯಾಗಾರಗಳು ನುಂಗಿದವು. ಆ ಕಾರ್ಯಾಗಾರಗಳಿಂದ ನನಗೆ ಉಳಿದಿರುವುದು ಒಂದೆರಡು ನೋಟ್‌ಬುಕ್ ಮಾತ್ರ. ಪ್ರಮಾಣಪತ್ರ ದಂಡ ಅನ್ನುತ್ತಿಲ್ಲ. ಸಂದರ್ಶನದ ಬಾಗಿಲು ತೆರೆಯುತ್ತದೆ, ಸಂಬಳದ ಮಾತುಕತೆಯಲ್ಲಿ ಕೈ ಸ್ವಲ್ಪ ಗಟ್ಟಿಯಾಗುತ್ತದೆ. ಆದರೆ ಟೀಮ್ ಲೀಡ್ ಒಬ್ಬ ಬಂದು "ಶೇ 80 ಆಗಿದೆ" ಎಂದಾಗ ಅದನ್ನು ಎಷ್ಟು ನಂಬಬೇಕು? ಇದಕ್ಕೆ ಉತ್ತರ ನನಗೆ ಅಲ್ಲೆಲ್ಲೂ ಸಿಗಲಿಲ್ಲ.

ಹಿಂದಿನ ಒಂದು ಪ್ರೋಗ್ರಾಂ ಹಾಳಾದದ್ದು ಅದೇ ಪ್ರಶ್ನೆಯಿಂದ. ವಾರವಾರವೂ ಸ್ಟೇಟಸ್ ವರದಿಯಲ್ಲಿ ಎಲ್ಲ ತಂಡವೂ ಹಸಿರು, ಅಂದರೆ ಎಲ್ಲ ಸರಿಯಾಗಿದೆ ಅಂತ. ಇಂಟಿಗ್ರೇಷನ್ (ಎಲ್ಲ ತಂಡಗಳ ಕೆಲಸ ಒಟ್ಟಿಗೆ ಜೋಡಿಸುವ ಹಂತ) ಶುರುವಾಗುವ ಹದಿನೈದು ದಿನ ಮುಂಚೆ ಎರಡು ತಂಡ ಒಟ್ಟಿಗೇ ಕೆಂಪಾದವು. ಹತ್ತು ಹನ್ನೆರಡು ಜನರ ಟೆಸ್ಟಿಂಗ್ ತಂಡ ಸುಮಾರು ಆರು ವಾರ ಕೈಕಟ್ಟಿ ಕೂತಿತು. ಸಂಬಳ ನಿಲ್ಲುವುದಿಲ್ಲ ಅಲ್ವಾ? ಅದರ ಮೇಲೆ ವೆಂಡರ್ ಲ್ಯಾಬ್ (ಹೊರಗಿನ ಕಂಪನಿಯ ಲ್ಯಾಬ್) ಕಾದಿರಿಸಿದ್ದ ದುಡ್ಡೂ ಹೋಯಿತು. ಎಲ್ಲ ಸೇರಿ ಪ್ರೋಗ್ರಾಂ ಬಜೆಟ್ಟಿನ ಶೇ 7–8ರಷ್ಟು ನೀರುಪಾಲು.

ಆಮೇಲೆ ಕೂತು ಲೆಕ್ಕ ಹಾಕಿದರೆ ಅದರಲ್ಲಿ ಅಚ್ಚರಿ ಪಡುವಂಥದ್ದೇನೂ ಇರಲಿಲ್ಲ. ಇಂಟಿಗ್ರೇಷನ್‌ಗೆ ಐದು ತಂಡಗಳಿಂದ ಐದು ತುಂಡು ಬರಬೇಕು. ಒಂದೊಂದೂ ಸಮಯಕ್ಕೆ ಬರುವ ಸಾಧ್ಯತೆ ಶೇ 90 ಅಂತ ಇಟ್ಟುಕೊಳ್ಳಿ. ಐದೂ ಸಮಯಕ್ಕೆ ಬರುವ ಸಾಧ್ಯತೆ ಶೇ 59. ಒಂದೊಂದೂ ಶೇ 80 ಆದರೆ ಒಟ್ಟು ಶೇ 33ಕ್ಕೆ ಇಳಿಯುತ್ತದೆ. ಅಂದರೆ ಐವರೂ ಸುಳ್ಳು ಹೇಳದೆ ಹಸಿರು ಅಂದರೂ ಪ್ರೋಗ್ರಾಂ ಕೆಂಪಾಗಿರಬಹುದು. ಇದು ಐದೂ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಬರುವ ಲೆಕ್ಕ. ಒಬ್ಬನೇ ಆರ್ಕಿಟೆಕ್ಟ್ (ಸಾಫ್ಟ್‌ವೇರ್‌ನ ಒಟ್ಟು ರಚನೆ ನಿರ್ಧರಿಸುವವನು) ಎರಡು ತಂಡಕ್ಕೆ ಹಂಚಿಹೋಗಿದ್ದರೆ ಬೀಳುವಾಗ ಎರಡೂ ಒಟ್ಟಿಗೇ ಬೀಳುತ್ತವೆ. ನಮ್ಮಲ್ಲಿ ಆದದ್ದು ಅದೇ.

ಅವತ್ತಿನಿಂದ ಅಂದಾಜು ಬರೆಯಲು ಶುರು ಮಾಡಿದೆ. ಮೊದಲ ಆರೇಳು ತಿಂಗಳಲ್ಲಿ ನೂರೈವತ್ತರ ಆಸುಪಾಸು ಅಂದಾಜುಗಳಾದವು. ಅಂಕ ಕೊಡಲು ಬ್ರಯರ್ ಸ್ಕೋರ್ ಹಿಡಿದೆ. ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞ 1950ರಲ್ಲಿ ಹವಾಮಾನ ಮುನ್ಸೂಚನೆ ಅಳೆಯಲು ಕೊಟ್ಟ ಸೂತ್ರ ಅದು. ಬರೆದ ಸಾಧ್ಯತೆಗೂ (ಶೇ 90 ಅಂದರೆ 0.9) ಆದದ್ದಕ್ಕೂ (1 ಅಥವಾ 0) ಇರುವ ಅಂತರದ ವರ್ಗ, ಅದರ ಸರಾಸರಿ. ಕಡಿಮೆ ಬಂದಷ್ಟೂ ಒಳ್ಳೆಯದು. ತಲೆ ಓಡಿಸದೆ ಎಲ್ಲದಕ್ಕೂ ಶೇ 50 ಎಂದು ಬರೆದರೆ 0.25 ಬರುತ್ತದೆ. ಹದಿನೈದು ವರ್ಷ ಅನುಭವದ ನನಗೆ ಬಂದದ್ದು 0.26 ಚಿಲ್ಲರೆ!

ಎಲ್ಲಿ ಸೋರುತ್ತಿದೆ ಎಂದು ನೋಡಿದೆ. ಶೇ 90 ಎಂದು ಬರೆದವುಗಳಲ್ಲಿ ಹತ್ತಕ್ಕೆ ಆರು ಮಾತ್ರ ಸಮಯಕ್ಕೆ ಬಂದಿದ್ದವು. ಆದರೆ ಶೇ 20, 30 ಎಂದು ಬರೆದವು ಹೆಚ್ಚು ಕಡಿಮೆ ಹಾಗೇ ನಡೆದಿದ್ದವು. ಕೆಟ್ಟ ಸುದ್ದಿಯ ವಾಸನೆ ನನಗೆ ಚೆನ್ನಾಗೇ ಬಡಿಯುತ್ತಿತ್ತು. ಎಡವುತ್ತಿದ್ದದ್ದು ಒಳ್ಳೆಯ ಸುದ್ದಿಯಲ್ಲಿ. ಈ ಒಂದು ವಿಷಯ ನನಗೆ ಯಾವ ಅಪ್ರೈಸಲ್‌ನಲ್ಲೂ, ಯಾವ ಮೆಂಟರ್ ಬಾಯಿಂದಲೂ ತಿಳಿದಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅಂಕ 0.16ಕ್ಕೆ ಇಳಿಯಿತು. ಈಗ 0.14–0.15ರಲ್ಲಿ ನಿಂತಿದೆ. ಇನ್ನೂ ಇಳಿಯುತ್ತದೆ ಅನ್ನಿಸುವುದಿಲ್ಲ.

ಅಂಕ ಇಳಿಯಲು ದೊಡ್ಡ ಕಾರಣ ಒಂದು ನಿಯಮ. 1 ಹಾಕುವ ಅಧಿಕಾರ ಕೊಡುವವರಿಗಿಲ್ಲ, ಪಡೆಯುವವರಿಗೆ ಮಾತ್ರ. ಕೊಡುವ ತಂಡ "ಇಂಟರ್‌ಫೇಸ್ ದಾಖಲೆ ಕಳಿಸಿ ಆಯ್ತು" ಎನ್ನುತ್ತದೆ. ಪಡೆದ ತಂಡ "ಬಂದಿದೆ, ಆದರೆ ಅರ್ಧ ಫೀಲ್ಡ್ ಖಾಲಿ, ಕೆಲಸ ಶುರು ಮಾಡಲು ಆಗಲ್ಲ" ಎನ್ನುತ್ತದೆ. ಹಾಗಿದ್ದರೆ ಅದು 0. ಈ ನಿಯಮ ತಂದ ವಾರ 'ಮುಗಿದಿದೆ' ಪಟ್ಟಿಯಲ್ಲಿದ್ದವುಗಳಲ್ಲಿ ಮೂರಕ್ಕೆ ಒಂದರಂತೆ ವಾಪಸ್ ಬಂದವು. ತುಂಬಾ ಜಗಳವಾಯಿತು. ಎರಡು ತಂಡದ ಮುಖ್ಯಸ್ಥರು ಕೆಲವು ವಾರ ನನ್ನ ಮೇಲ್‌ಗೆ ಉತ್ತರವನ್ನೇ ಕೊಡಲಿಲ್ಲ. ಆದರೆ ಪಡೆಯುವವರು ನನ್ನ ಪರ ನಿಂತರು. ಪ್ರತಿ ತಂಡವೂ ಒಂದು ಕಡೆ ಕೊಡುವವರಾದರೆ ಇನ್ನೊಂದು ಕಡೆ ಪಡೆಯುವವರು. ಹಾಗಾಗಿ ಜಗಳ ತಾನಾಗಿ ತಣ್ಣಗಾಯಿತು.

ಸಂಖ್ಯೆ ಬರೆಯುವ ಮುಂಚೆ ಮೂರು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು: ಇದೇ ತಂಡ ಇಂಥದ್ದೇ ಕೆಲಸವನ್ನು ಹಿಂದಿನ ಸಲ ಎಷ್ಟು ವಾರದಲ್ಲಿ ಕೊಟ್ಟಿತ್ತು? ಜನ ತಮ್ಮ ಕೆಲಸದ ಸಮಯವನ್ನು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾರೆ ಎಂದು ಮನೋವಿಜ್ಞಾನಿಗಳಾದ ಕಾನ್‌ಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ಅದಕ್ಕೆ ಮದ್ದು ಹಳೆಯ ದಾಖಲೆ ನೋಡುವುದು. ಎರಡನೆಯದು: ಇವತ್ತು ಇದರ ಮೇಲೆ ಯಾರು ಕೂತಿದ್ದಾರೆ? ಹೆಸರು ತಕ್ಷಣ ಬಾಯಿಗೆ ಬರದಿದ್ದರೆ ನನ್ನ ಅಂದಾಜಿನಿಂದ 20 ಕಳೆಯುತ್ತೇನೆ. ಈ ಕಳೆಯುವ ಲೆಕ್ಕ ಒರಟು, ಆದರೆ ಆಶ್ಚರ್ಯ ಆಗುವಷ್ಟು ಸರಿ ಬರುತ್ತದೆ. ಮೂರನೆಯ ಪ್ರಶ್ನೆ ನನ್ನ ಹತ್ತಿರವೇ ಇರಲಿ. ಎಲ್ಲರಿಗೂ ಗೊತ್ತಾದರೆ ಉತ್ತರ ತಯಾರಿಸಿಕೊಂಡು ಬರುತ್ತಾರೆ, ಪ್ರಶ್ನೆ ಸತ್ತುಹೋಗುತ್ತದೆ.

ಮಧ್ಯೆ ಕೆಲವು ಪ್ರಯೋಗ ಮಾಡಿ ಕೈ ಸುಟ್ಟುಕೊಂಡದ್ದೂ ಉಂಟು. ತಂಡಗಳೇ ತಮ್ಮ ಶೇಕಡಾ ಕೊಡಲಿ ಅಂತ ಕೇಳಿದೆ. ಮೊದಲ ತಿಂಗಳು ಒಳ್ಳೆಯ ಸಂಖ್ಯೆಗಳು ಬಂದವು. ಆಮೇಲೆ ಒಬ್ಬ ಮ್ಯಾನೇಜರ್ ಅದನ್ನು ಅಪ್ರೈಸಲ್‌ಗೆ ಎಳೆದುಕೊಂಡರು. ಮಾರನೇ ವಾರದಿಂದ ಎಲ್ಲರದ್ದೂ 90. ಗುಡ್‌ಹಾರ್ಟ್ ನಿಯಮ (ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ) ಕಣ್ಣೆದುರೇ ನಡೆಯಿತು. ಅದನ್ನು ಅಲ್ಲಿಗೇ ನಿಲ್ಲಿಸಿದೆ. ಬದಲಿಗೆ ಹೆಸರಿಲ್ಲದ ಮತ ಇಟ್ಟೆ. ಒಂದೊಂದು ದೊಡ್ಡ ಮೈಲ್‌ಸ್ಟೋನ್‌ಗೆ ಹತ್ತು ಜನ ಗುಟ್ಟಾಗಿ ಸಂಖ್ಯೆ ಹಾಕುತ್ತಾರೆ. ಸರಾಸರಿ ನೋಡುವುದಕ್ಕಿಂತ ಅತಿ ಕೆಳಗಿನದ್ದು ನೋಡುವುದು ಮುಖ್ಯ. ಎಂಟು ಜನ 80 ಹಾಕಿ ಇಬ್ಬರು 20 ಹಾಕಿದ್ದರೆ ಆ ಇಬ್ಬರಿಗೆ ಉಳಿದವರಿಗೆ ಗೊತ್ತಿಲ್ಲದ್ದು ಏನೋ ಗೊತ್ತಿರುತ್ತದೆ. ಇದು ಇನ್ನೂ ನಡೆಯುತ್ತಿದೆ.

ಮಾಂಟೆ ಕಾರ್ಲೊ (ಮನಬಂದ ಸಂಖ್ಯೆಗಳನ್ನು ಮತ್ತೆ ಮತ್ತೆ ಹಾಕಿ ಏನೇನಾಗಬಹುದು ಎಂದು ನೋಡುವ ಲೆಕ್ಕ) ಕೂಡ ಮಾಡಿ ನೋಡಿದೆ. ಸ್ಪ್ರೆಡ್‌ಶೀಟಿನಲ್ಲೇ ಸಾವಿರ ಸಾಲು ರ‍್ಯಾಂಡಮ್ ಸಂಖ್ಯೆ. ಚಿತ್ರ ಚೆನ್ನಾಗಿ ಬಂತು, ಪ್ರೋಗ್ರಾಂನ ದೊಡ್ಡ ನಿರ್ಧಾರ ಮಾಡುವ ಸ್ಟೀರಿಂಗ್ ಕಮಿಟಿ ಮೆಚ್ಚಿಕೊಂಡಿತು. ಆದರೆ ನಿರ್ಧಾರ ಒಂದೂ ಬದಲಾಗಲಿಲ್ಲ. ಕೈಯಲ್ಲಿ ಗುಣಿಸಿದರೂ ಹತ್ತಿರದ ಉತ್ತರವೇ ಸಿಗುತ್ತಿತ್ತು. ಎರಡು ವಾರಾಂತ್ಯ ಸುಮ್ನೆ ಹೋಯಿತು.

ಸಭೆ ಕಡಿಮೆ ಮಾಡಿದ್ದು ಮಾತ್ರ ನಿಜವಾಗಿ ಫಲ ಕೊಟ್ಟಿತು. ಒಂಬತ್ತು ತಂಡ ಅಂದರೆ ಒಟ್ಟು 36 ಜೋಡಿ. ನಿಜವಾಗಿ ಕೊಡು–ಕೊಳ್ಳುವಿಕೆ ಇದ್ದದ್ದು ಹನ್ನೆರಡು ಹದಿಮೂರು ಜೋಡಿಗಳ ನಡುವೆ ಮಾತ್ರ. ವಾರಕ್ಕೊಮ್ಮೆ ಇಪ್ಪತ್ತು ಜನ ಒಂದೂವರೆ ಗಂಟೆ ಕೂರುತ್ತಿದ್ದ ಸ್ಟೇಟಸ್ ಸಭೆ ತೆಗೆದುಹಾಕಿದೆ. ಅಂದರೆ ವಾರಕ್ಕೆ ಮೂವತ್ತು ಗಂಟೆಯ ಕೆಲಸ ಉಳಿಯಿತು. ಅದರ ಜಾಗದಲ್ಲಿ ಜೋಡಿ ಜೋಡಿಯಾಗಿ ಕಾಲು ಗಂಟೆಯ ಮಾತು, ಅದೂ ಶೇಕಡಾ ಕೆಳಗಿಳಿದ ಜೋಡಿಗಳಿಗೆ ಮಾತ್ರ. ಉಳಿದವರಿಗೆ ಶುಕ್ರವಾರ ಒಂದು ಪುಟದ ಟಿಪ್ಪಣಿ. ಒಂದು ಪುಟದಲ್ಲಿ ಬರೆಯಲು ಮೊದಮೊದಲು ನಾಲ್ಕು ಗಂಟೆ ಬೇಕಾಗುತ್ತಿತ್ತು, ಈಗ ಮುಕ್ಕಾಲು ಗಂಟೆ ಸಾಕು. ಪ್ರೋಗ್ರಾಂ ಮ್ಯಾನೇಜರುಗಳು ಯಾವ ಒಂದು ಕೌಶಲಕ್ಕೆ ದುಡ್ಡು ಹಾಕಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಬರವಣಿಗೆ. ಟೂಲ್ ಕೋರ್ಸ್ ಅಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಈ ಪದ್ಧತಿಗೆ ಬೆಲೆ ಬಂದದ್ದು ಅಲ್ಲೇ. ಈ ಸಲವೂ ವೆಂಡರ್ ಲ್ಯಾಬ್ ಕಾದಿರಿಸಿದ್ದೆವು. ಒಪ್ಪಂದ ಹೀಗಿತ್ತು: ಆರು ವಾರ ಮುಂಚೆ ತಾರೀಖು ಬದಲಿಸಿದರೆ ಶುಲ್ಕದ ಸುಮಾರು ಶೇ 15 ಕಟ್ಟಬೇಕು, ಆಮೇಲೆ ತಪ್ಪಿಸಿದರೆ ಪೂರ್ತಿ ಹೋಗುತ್ತದೆ. ಆರು ವಾರದ ಗಡುವಿಗೆ ನನ್ನ ಶೀಟಿನಲ್ಲಿ ನಾಲ್ಕು ತುಂಡುಗಳ ಒಟ್ಟು ಸಾಧ್ಯತೆ ಶೇ 45 ಇತ್ತು. ಅಂದರೆ ತಪ್ಪುವ ಸಾಧ್ಯತೆ 55. ಸುಮ್ಮನಿದ್ದರೆ ಸರಾಸರಿ ನಷ್ಟ ಶುಲ್ಕದ ಅರ್ಧಕ್ಕಿಂತ ಜಾಸ್ತಿ, ಬದಲಿಸಿದರೆ 15. ತಡವಾಗುವುದರ ಖರ್ಚು ಸೇರಿಸಿದರೂ ಬದಲಿಸುವುದೇ ಅಗ್ಗ. ಎಲ್ಲ ತಂಡವೂ ಹಸಿರು ತೋರಿಸುತ್ತಿದ್ದಾಗ ಹೋಗಿ "ಲ್ಯಾಬ್ ಮುಂದೂಡೋಣ" ಎಂದರೆ ಯಾರು ಕೇಳುತ್ತಾರೆ? ಫೈನಾನ್ಸ್‌ನವರು ಕೇಳಿದರು. ಅವರಿಗೆ ನನ್ನ ಹಿಂದಿನ ವರ್ಷದ ಶೀಟ್ ತೋರಿಸಿದೆ: ಶೇ 40ರಿಂದ 50 ಎಂದು ಬರೆದವುಗಳಲ್ಲಿ ಎಷ್ಟು ನಡೆದಿವೆ ನೋಡಿ ಎಂದು. ದಾಖಲೆ ಇದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಇಲ್ಲದಿದ್ದರೆ ಅದೇ ಮಾತನ್ನು ಅಳುಕು ಅಂದುಕೊಳ್ಳುತ್ತಾರೆ. ಕೊನೆಗೆ ನಾಲ್ಕರಲ್ಲಿ ಎರಡು ತುಂಡು ಮೂರು ವಾರ ತಡವಾದವು. ಮುಂದೂಡಿದ ತಾರೀಖಿಗೆ ಎಲ್ಲ ಸರಿಯಾಗಿ ಬಂತು. ಮೀಸಲು ಹಣ ಉಳಿದದ್ದರಲ್ಲಿ ದೊಡ್ಡ ಪಾಲು ಇದರದ್ದೇ.

ಸ್ಪಾನ್ಸರ್ (ಪ್ರೋಗ್ರಾಂಗೆ ಹಣ, ಬೆಂಬಲ ಕೊಡುವ ಹಿರಿಯರು) ಜೊತೆ ಬೇರೆ ಭಾಷೆ ಬೇಕಾಯಿತು. "ಶೇಕಡಾ ಬೇಡ, ತಾರೀಖು ಹೇಳಿ" ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಸರಿ ಎಂದು ಎರಡು ತಾರೀಖು ಕೊಟ್ಟೆ. ಒಂದು ಶೇ 50ರದ್ದು, ತಂಡಗಳು ಅದರ ಕಡೆ ಓಡಲಿ ಅಂತ. ಇನ್ನೊಂದು ಶೇ 85ರದ್ದು, ಹೊರಗಿನವರಿಗೆ ಹೇಳಲು. ಎರಡರ ನಡುವೆ ಹತ್ತು ವಾರದ ಹತ್ತಿರ ಅಂತರವಿತ್ತು. ಅವರು ಮೊದಲು ಕೇಳಿದ್ದು "ಜನ ಜಾಸ್ತಿ ಹಾಕಿದರೆ?" ಎಂದು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಕಂಪ್ಯೂಟರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ ಮಾತು ನಮಗೆಲ್ಲ ಗೊತ್ತು, ಸ್ಪಾನ್ಸರ್‌ಗಳಿಗೆ ರುಚಿಸುವುದಿಲ್ಲ. ನಾನು ವಾದಿಸಲಿಲ್ಲ. ಶೀಟ್ ತೆಗೆದು, ಅತಿ ಕಡಿಮೆ ಶೇಕಡಾ ಇದ್ದ ಮೂರು ತುಂಡೂ ಒಬ್ಬರೇ ಆರ್ಕಿಟೆಕ್ಟ್‌ಗೆ ಕಾಯುತ್ತಿರುವುದನ್ನು ತೋರಿಸಿದೆ. ಹೊಸ ಹತ್ತು ಜನರ ಬದಲು ಆ ಒಬ್ಬರ ಅರ್ಧ ಕೆಲಸ ಬೇರೆಯವರಿಗೆ ಹೋಯಿತು. ಕಮಿಟಿಗೆ ಹೋಗುವ ಮುಂಚೆ ಇಂಥ ಸುದ್ದಿಯನ್ನು ಯಾರಿಗೆ, ಯಾವ ಕ್ರಮದಲ್ಲಿ ಮುಟ್ಟಿಸುತ್ತೇನೆ ಅನ್ನುವುದು ಇನ್ನೊಂದು ಗುಟ್ಟು. ಅದನ್ನೂ ಇಲ್ಲಿ ಬಿಚ್ಚುವುದಿಲ್ಲ.

ಈಗ ನನ್ನ ಜೊತೆಗಿರುವ ಇಬ್ಬರು ಕಿರಿಯರಿಗೂ ಇದನ್ನೇ ಕಲಿಸುತ್ತಿದ್ದೇನೆ. ಮೊದಲ ಎರಡು ತಿಂಗಳು 50, 70, 90, ಮೂರೇ ಸಂಖ್ಯೆ ಬಳಸಲು ಬಿಡುತ್ತೇನೆ. 65ಕ್ಕೂ 70ಕ್ಕೂ ಇರುವ ವ್ಯತ್ಯಾಸ ಹೊಸಬರಿಗೆ ಸಿಗುವುದಿಲ್ಲ, ಸಿಕ್ಕಂತೆ ನಟಿಸುತ್ತಾರೆ. ಬರೆದ ಸಂಖ್ಯೆಯನ್ನು ಆಮೇಲೆ ತಿದ್ದುವಂತಿಲ್ಲ. ಅಭಿಪ್ರಾಯ ಬದಲಾದರೆ ಹೊಸ ತಾರೀಖು ಹಾಕಿ ಹೊಸ ಸಾಲು. ಸಂಖ್ಯೆಯ ಪಕ್ಕ ಕಾರಣ ಒಂದೇ ವಾಕ್ಯದಲ್ಲಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಮೂವರೂ ಕೂತು ಸೋತ 90ಗಳನ್ನು ಮಾತ್ರ ನೋಡುತ್ತೇವೆ, ಗೆದ್ದವನ್ನಲ್ಲ. ಅವರಲ್ಲಿ ಒಬ್ಬಳು ವೆಂಡರ್ ಕೆಲಸಗಳಲ್ಲಿ ಆಗಲೇ ನನಗಿಂತ ಚೆನ್ನಾಗಿ ಅಂದಾಜು ಮಾಡುತ್ತಾಳೆ. ನಾನು ವೆಂಡರ್‌ನ ಅಕೌಂಟ್ ಮ್ಯಾನೇಜರ್‌ಗೆ ಫೋನ್ ಮಾಡುತ್ತಿದ್ದೆ. ಅವಳು ಅವರ ಟೆಸ್ಟಿಂಗ್‌ನವರಿಗೆ ಮಾಡುತ್ತಾಳೆ.