ಎರಡು ಕಪ್ ಚಹಾ

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನಾನು ಆಕ್ಯುಪೇಷನಲ್ ಥೆರಪಿಸ್ಟ್; ಪೆಟ್ಟು ತಿಂದವರು, ಕಾಯಿಲೆ ಬಿದ್ದವರು ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವಂತೆ ಮಾಡುವುದು ನನ್ನ ಕೆಲಸ. ನಮ್ಮ ವಾರ್ಡಿಗೆ ಬರುವವರಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರೇ ಹೆಚ್ಚು. ವಿಚಾರಿಸಿದರೆ ಹೆಲ್ಮೆಟ್ ಟ್ಯಾಂಕಿನ ಮೇಲೆ ಇತ್ತು ಎನ್ನುತ್ತಾರೆ.

ಪ್ರಜ್ಞೆ ಎಷ್ಟಿದೆ ಎಂದು ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ 15ಕ್ಕೆ 15 ಬಂದ ಕೂಡಲೇ ಮನೆಯವರು ಡಿಸ್ಚಾರ್ಜ್ ಕೇಳುತ್ತಾರೆ. ಕಣ್ಣು ತೆರೆದಿದೆ, ಮಾತು ನೆಟ್ಟಗಿದೆ, ಹೇಳಿದಂತೆ ಕೈ ಎತ್ತುತ್ತಾರೆ ಎಂಬುದಷ್ಟೇ ಆ ಅಂಕದ ಅರ್ಥ. ನಿನ್ನೆ ಬಂದುಹೋದ ಅಳಿಯ ಇಂದು ನೆನಪಿದ್ದಾನೆಯೇ ಎಂಬುದು ಅದರಲ್ಲಿ ಸಿಗುವುದಿಲ್ಲ. ಹೊಸ ನೆನಪು ನಿಲ್ಲದ ಆ ದಿನಗಳಲ್ಲಿ ದೊಡ್ಡ ಪರೀಕ್ಷೆಗೆ ಕೈಹಾಕುವುದಿಲ್ಲ. ಇದು ಯಾವ ಊರು, ಏಕೆ ಬಂದಿದ್ದೀರಿ, ನಿನ್ನೆ ತೋರಿಸಿದ ಚಿತ್ರ ಯಾವುದು ಎಂದು ದಿನವೂ ಕೇಳಿ ಬರೆದಿಡುತ್ತೇನೆ.

ಇವತ್ತು ಯಾವ ತಾರೀಖು ಎಂಬ ಪ್ರಶ್ನೆಯಲ್ಲಿ ಮೊದಮೊದಲು ನಾನೇ ಎಡವಿದ್ದೆ. ನವಲಗುಂದದ ಕಡೆಯ ರೈತರೊಬ್ಬರಿಗೆ ಸೊನ್ನೆ ಹಾಕಿದಾಗ ಅವರ ಹೆಂಡತಿ ನಕ್ಕುಬಿಟ್ಟರು. "ತಾರೀಖು ಅವರಿಗೆ ಯಾವಾಗ ಗೊತ್ತಿತ್ತು ಅಕ್ಕಾವರೇ? ಅಮಾವಾಸ್ಯೆ ಕೇಳಿರಿ." ಕೇಳಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಎಂದರು. ಲೆಕ್ಕ ಸರಿಯಾಗಿತ್ತು.

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರದು ಇದಕ್ಕೆ ತಿರುಗುಮುರುಗು. ನೆನಪು, ಗಮನ, ಯೋಚನೆಗಳನ್ನು ಕಾಗದದ ಮೇಲೆ ಅಳೆಯುವ ಮೋಕಾ ಪರೀಕ್ಷೆಯಲ್ಲಿ 30ಕ್ಕೆ 27 ಪಡೆದರು. 26 ಬಂದರೂ ಸಾಮಾನ್ಯವೆಂದೇ ಲೆಕ್ಕ. ಆದರೂ ಒಲೆಯ ಮುಂದೆ ನಿಲ್ಲಿಸಿ, ಎರಡು ಕಪ್ ಚಹಾ ಮಾಡಿ ಎಂದೆ. ನೀರಿಟ್ಟು ಸಕ್ಕರೆ ಹಾಕಿದರು. ಅಷ್ಟರಲ್ಲಿ ಸಿಸ್ಟರ್ ಬಂದು, "ಕಾಕಾ, ಗುಳಿಗೆ ತೆಗೆದುಕೊಂಡಿರಾ?" ಎಂದರು. ಉತ್ತರ ಕೊಟ್ಟು ತಿರುಗಿದವರು ಮತ್ತೆ ಸಕ್ಕರೆ ಹಾಕಿದರು. ತುಸು ಹೊತ್ತಿಗೆ ಇನ್ನೊಮ್ಮೆ. ಚಹಾಪುಡಿಯ ಡಬ್ಬಿ ಕೈಯಳತೆಯಲ್ಲೇ ಇತ್ತು, ಮುಟ್ಟಲಿಲ್ಲ. ಬಿಸಿ ಸಕ್ಕರೆನೀರನ್ನು ಸೋಸಿ, ನನ್ನ ಕೈಗಿತ್ತು, "ಸಕ್ಕರೆ ಸಾಕೇ?" ಎಂದು ಕೇಳಿದರು. ತಪ್ಪಾದದ್ದಕ್ಕಿಂತ, ತಪ್ಪಾಗಿದೆ ಎಂದು ಅವರಿಗೆ ಹೊಳೆಯದಿದ್ದದ್ದೇ ನನ್ನನ್ನು ಹೆದರಿಸಿತು. ಕಾಗದದ ಪರೀಕ್ಷೆಯಲ್ಲಿ ಮುಂದಿನ ಪ್ರಶ್ನೆ ನಾನು ಕೇಳುತ್ತೇನೆ. ಒಲೆಯ ಮುಂದೆ ಮುಂದಿನ ಹೆಜ್ಜೆ ಅವರಿಗೇ ತೋಚಬೇಕು.

ಗಾಡಿ ಓಡಿಸಬಾರದು, ಒಬ್ಬರೇ ಗ್ಯಾಸ್ ಹಚ್ಚಬಾರದು, ಸದ್ಯಕ್ಕೆ ಹಣದ ವಹಿವಾಟು ಬೇಡ ಎಂದು ಬರೆದೆ. "27 ಇದೆಯಲ್ಲ?" ಎಂದ ವೈದ್ಯರು ಚಹಾದ ಕಥೆ ಕೇಳಿ ಡಿಸ್ಚಾರ್ಜನ್ನು ಎರಡು ದಿನ ಮುಂದೂಡಿದರು. ಸೋಮವಾರದಿಂದಲೇ ಅಪ್ಪನನ್ನು ಗಲ್ಲೆಯ ಮೇಲೆ ಕೂರಿಸುವ ಲೆಕ್ಕದಲ್ಲಿದ್ದ ಮಗನಿಗೆ ನನ್ನ ಮೇಲೆ ಸಿಟ್ಟೇ ಬಂದಿತ್ತು. ಮರುದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಚಹಾ ಮಾಡಿಸಿದೆ. ಈ ಸಲ ಪುಡಿ ಬಿತ್ತು, ಬಣ್ಣವೂ ಬಂತು. ಸೋಸಿ ಕಪ್ ಹಿಡಿದು ನಮ್ಮತ್ತ ನಡೆದು ಬಂದರು. ಹಿಂದೆ ಒಲೆ ಉರಿಯುತ್ತಲೇ ಇತ್ತು. ಮಗನೇ ಎದ್ದು ಹೋಗಿ ಆರಿಸಿದ.