ಹೊಟ್ಟೆ ಕಿರಿದಾದ ಮೇಲೆ ತಂಗಳು ಉಂಡ ಬಗೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುಂಚೆ ಆಹಾರತಜ್ಞೆ ನನ್ನ ಕೈಗೆ ಕೊಟ್ಟ ಹಾಳೆಯಲ್ಲಿ ಮೊದಲು ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತನೆಯದು, ಎರಡು ತಿಂಗಳ ಹೊತ್ತಿಗೆ ಮಾಮೂಲಿ ಊಟ ಎಂದು ಎಲ್ಲವೂ ಕ್ರಮವಾಗಿ ಬರೆದಿತ್ತು. ತಂಗಳಿನ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಆದರೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಈ ಶಸ್ತ್ರಚಿಕಿತ್ಸೆ ಆದವರ ಮನೆಯಲ್ಲಿ ತಂಗಳು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಜಠರದ ಮುಕ್ಕಾಲು ಪಾಲಿಗೂ ಮಿಕ್ಕಿ ತೆಗೆದುಹಾಕಿ, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಒಂದು ಕೊಳವೆಯನ್ನಾಗಿ ಮಾಡಿದ ಮೇಲೆ, ಒಂದು ಹೊತ್ತಿಗೆಂದು ಬಡಿಸಿಕೊಂಡದ್ದು ನನಗೆ ಮೂರು ಹೊತ್ತಿಗೆ ಸಾಕಾಗುತ್ತಿತ್ತು. ಮೂರು ಚಮಚೆ ಸಾರಿಗಾಗಿ ಪ್ರತಿ ಸಲ ಹೊಸದಾಗಿ ಒಲೆ ಹಚ್ಚುವುದು ಕಚೇರಿಗೆ ಹೋಗುವವಳಿಂದ ಆಗುವ ಕೆಲಸವಲ್ಲ.

ಹತ್ತನೆಯ ವಾರದಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಭಾನುವಾರ ಮಾಡಿದ್ದ ಚಿಕನ್ ಡ್ರೈ ಬಿಸಿಯಾಗಿದ್ದಾಗ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಸೋಮವಾರ ಅದರಲ್ಲೇ ನಾಲ್ಕು ತುಂಡು ಡಬ್ಬಿಗೆ ಹಾಕಿಕೊಂಡು ಹೋಗಿ, ಕಚೇರಿಯ ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಪೂರ್ತಿ ಉರಿಯಲ್ಲಿ ಬಿಸಿಮಾಡಿ ತಿನ್ನಲು ಕುಳಿತೆ. ಮೂರನೆಯ ತುತ್ತಿಗೆ ಎದೆಮೂಳೆಯ ಹಿಂದೆ ಯಾರೋ ಬೆರಳಿಟ್ಟು ಒತ್ತಿದಂತಾಯಿತು. ಬಾಯಲ್ಲಿ ಅಂಟಂಟಾದ ಜೊಲ್ಲು ನೊರೆನೊರೆಯಾಗಿ ಉಕ್ಕತೊಡಗಿತು. ತಿಳಿಯದೆ ಒಂದು ಗುಟುಕು ನೀರು ಕುಡಿದದ್ದು ತಪ್ಪಾಯಿತು; ಸಿಕ್ಕಿಕೊಂಡದ್ದು ಕೆಳಗೆ ಸರಿಯಲಿಲ್ಲ, ನೀರು ಅದರ ಮೇಲೆಯೇ ನಿಂತಿತು. ಕಾಲು ಗಂಟೆ ಶೌಚಾಲಯದಲ್ಲಿ ನಿಂತು ಅಷ್ಟನ್ನೂ ಕಕ್ಕಿದ ಮೇಲೆ ಉಸಿರು ಸಲೀಸಾಯಿತು.

ಮುಂದಿನ ಭೇಟಿಯಲ್ಲಿ ಆಹಾರತಜ್ಞೆ ಇದಕ್ಕೆ ವಿವರಣೆ ಕೊಟ್ಟರು. ಮಾಂಸ ಕಾದಾಗ ಅದರ ನಾರು ಕುಗ್ಗಿ ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ, ಎರಡನೆಯ ಸಲ ಕಾಯಿಸಿದಾಗ ಉಳಿದಿದ್ದ ನೀರೂ ಹೋಗುತ್ತದೆ. ಮೊದಲಿನ ಹೊಟ್ಟೆಯಾಗಿದ್ದರೆ ಹಿಗ್ಗಿ, ಕಲಸಿ, ಊಟದ ಮಧ್ಯೆ ಕುಡಿದ ನೀರನ್ನೂ ಸೇರಿಸಿಕೊಂಡು ಅದನ್ನು ಹೇಗೋ ಸಂಭಾಳಿಸುತ್ತಿತ್ತು. ಈಗಿನ ಕೊಳವೆ ಹಿಗ್ಗುವುದಿಲ್ಲ. ಊಟದ ಜೊತೆಗೆ ನೀರು ಕುಡಿಯುವಂತಿಲ್ಲ, ಉಂಡ ಮೇಲೆ ಅರ್ಧ ಗಂಟೆ ಕಾಯಬೇಕು. ಹೀಗಾಗಿ ತುತ್ತಿಗೆ ಬೇಕಾದ ತೇವವೆಲ್ಲ ಆ ತುತ್ತಿನೊಳಗೇ ಇರಬೇಕು. ಅಲ್ಲಿಂದ ಮುಂದೆ ನಾನು ಮಾಡಿಕೊಂಡ ಏರ್ಪಾಡೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು.

ಮೊದಲ ಬದಲಾವಣೆಯನ್ನು ಬಿಸಿಮಾಡುವ ಹೊತ್ತಿಗಲ್ಲ, ಎತ್ತಿಡುವ ಹೊತ್ತಿಗೆ ಮಾಡಿಕೊಂಡೆ. ಎಲ್ಲರೂ ಉಂಡು ಮಿಕ್ಕದ್ದನ್ನು ಎತ್ತಿಟ್ಟರೆ ತಳದ ಗಟ್ಟಿ ಪದಾರ್ಥವೇ ಸಿಗುತ್ತದೆ, ರಸವೆಲ್ಲ ಬಡಿಸುವಾಗಲೇ ಮುಗಿದಿರುತ್ತದೆ. ಆದ್ದರಿಂದ ಅಡುಗೆಯಾದ ಕೂಡಲೇ, ಇನ್ನೂ ಯಾರಿಗೂ ಬಡಿಸುವ ಮೊದಲೇ, ನನ್ನ ಪಾಲನ್ನು ಸಣ್ಣ ಗಾಜಿನ ಡಬ್ಬಿಗಳಿಗೆ ನಾಲ್ಕು ನಾಲ್ಕು ಚಮಚೆಯಷ್ಟು ಹಾಕಿ, ಪದಾರ್ಥ ಮುಳುಗುವಷ್ಟು ಸಾರನ್ನು ಮೇಲೆ ಸುರಿಯುತ್ತೇನೆ. ಚಿಕ್ಕ ಡಬ್ಬಿ ಬೇಗ ಆರುತ್ತದೆ. ಎರಡು ಗಂಟೆಯೊಳಗೆ, ಬೇಸಿಗೆಯಲ್ಲಾದರೆ ಒಂದೇ ಗಂಟೆಯೊಳಗೆ, ಅದು ನಮ್ಮ ಮನೆಯಲ್ಲಿ ತಂಗಳು ಪೆಟ್ಟಿಗೆ ಎಂದೇ ಕರೆಯುವ ಫ್ರಿಜ್ಜನ್ನು ಸೇರಬೇಕು. ಒಂದು ಡಬ್ಬಿ ಎಂದರೆ ಒಂದು ಊಟ, ಒಂದೇ ಸಲ ಬಿಸಿ. ದೊಡ್ಡ ಪಾತ್ರೆಯನ್ನು ಮತ್ತೆ ಮತ್ತೆ ಕಾಯಿಸಿ, ಆರಿಸಿ, ಒಳಗಿಡುವ ಪದ್ಧತಿ ರುಚಿಗೂ ಒಳ್ಳೆಯದಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ.

ಕೋಳಿಯ ವಿಷಯದಲ್ಲಿ ಎದೆಭಾಗವನ್ನು ಬಿಟ್ಟು ತೊಡೆಯ ಮಾಂಸಕ್ಕೆ ಬಂದೆ. ತೊಡೆಯಲ್ಲಿರುವ ಅಂಟಿನಂಶ ಬೆಂದು ಕರಗಿ ತೇವವನ್ನು ಹಿಡಿದಿಡುತ್ತದೆ. ತಣ್ಣಗಾದ ಕೋಳಿಸಾರು ಮಾರನೆಯ ದಿನ ಅಲುಗಾಡುವ ಜೆಲ್ಲಿಯಂತೆ ಕಾಣುವುದು ಇದರಿಂದಲೇ. ಬಿಸಿಯಿರುವಾಗಲೇ ಮೂಳೆಯಿಂದ ಬಿಡಿಸಿ, ಎಳೆಗಳಿಗೆ ಅಡ್ಡವಾಗಿ ಹೆಚ್ಚಿ, ಅವರೆಕಾಳಿನ ಗಾತ್ರಕ್ಕೆ ತಂದು ಸಾರಿನಲ್ಲಿ ಮುಳುಗಿಸಿಡುತ್ತೇನೆ. ಮಾರನೆಯ ದಿನ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ, ಸಾರು ಕುದಿ ಬಂದು ಆವಿ ಏಳುವವರೆಗೆ ಕಾಯಿಸುತ್ತೇನೆ. ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎಂಬ ನಿಯಮಕ್ಕೆ ನನ್ನ ಅಡುಗೆಮನೆಯಲ್ಲಿ ಆ ಕುದಿಯೇ ಅಳತೆ. ನಾಟಿ ಕೋಳಿ ನನಗೆ ಇಂದಿಗೂ ಒಗ್ಗಿಲ್ಲ. ಅದರ ಸಾರನ್ನಷ್ಟೇ ಉಂಡು ತುಂಡುಗಳನ್ನು ಮಕ್ಕಳಿಗೆ ದಾಟಿಸುತ್ತೇನೆ, ಹಾಗೆ ದಾಟಿಸುವಾಗ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಮೊಟ್ಟೆ ಸುಲಭವೆಂದುಕೊಂಡಿದ್ದೆ, ಆದರೆ ಬೇಯಿಸಿದ ಮೊಟ್ಟೆಯನ್ನು ಮತ್ತೆ ಕಾಯಿಸಿದರೆ ಬಿಳಿಭಾಗ ರಬ್ಬರಿನಂತಾಗುತ್ತದೆ. ಇಡಿಯ ಮೊಟ್ಟೆಯನ್ನು ಮೈಕ್ರೋವೇವ್‌ನಲ್ಲಿಟ್ಟರೆ ಸಿಡಿಯುವ ಅಪಾಯವೂ ಇದೆ. ಈಗ ಮೊಟ್ಟೆಸಾರಿನ ರಸವನ್ನು ಬೇರೆಯಾಗಿ ಕುದಿಸಿ, ಇಳಿಸಿದ ಮೇಲೆ ಮೊಟ್ಟೆಯನ್ನು ಹೊಸದಾಗಿ ಬೇಯಿಸಿ, ಹಳದಿಯನ್ನು ರಸದಲ್ಲಿ ಕಿವುಚಿ ಉಣ್ಣುತ್ತೇನೆ. ಪನೀರನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿದರೆ ಸಾಕು.

ಬೇಳೆಕಾಳಿನ ಕಡೆಗೆ ಬಂದರೆ ತಂಗಳಿನ ಮರ್ಯಾದೆಯೇ ಬೇರೆ. ಮದ್ದೂರಿನ ಕಡೆಯವಳಾದ ನನ್ನ ಅವ್ವ "ಬಸ್ಸಾರು ಮಾರನೇ ದಿನಕ್ಕೇ ರುಚಿ ಕಣವ್ವ" ಎಂದು ಮೊದಲಿನಿಂದಲೂ ಹೇಳುತ್ತಿದ್ದಳು. ಅದು ನನ್ನ ಹೊಸ ಹೊಟ್ಟೆಗೂ ಸರಿಯಾಗಿ ಹೊಂದಿತು. ಮಸ್ಸೊಪ್ಪು, ಹೆಸರುಬೇಳೆ ಸಾರು, ಹುರುಳಿ ಬಸ್ಸಾರು ಫ್ರಿಜ್ಜಿನಲ್ಲಿ ಮಂದವಾಗುತ್ತವೆ. ಕಾಯಿಸುವಾಗ ಎರಡು ಮೂರು ಚಮಚೆ ಬಿಸಿನೀರು ಬೆರೆಸಿ, ಕಾಳನ್ನು ಸೌಟಿನ ಬೆನ್ನಿನಿಂದ ಮಸೆದರೆ ಎಲ್ಲಿಯೂ ಸಿಕ್ಕಿಕೊಳ್ಳದೆ ಇಳಿಯುತ್ತವೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಮುಟ್ಟಬೇಕಾದ ನನಗೆ ಕಚೇರಿಯ ದಿನಗಳಲ್ಲಿ ಈ ಡಬ್ಬಿಗಳೇ ಆಧಾರ. ತಟ್ಟೆಯಲ್ಲಿ ಮೊದಲು ಇವು, ಆಮೇಲೆ ಜಾಗವಿದ್ದರೆ ಅನ್ನ.

ಅನ್ನದಲ್ಲಿ ಎರಡು ತೊಡಕುಗಳಿವೆ. ಒಂದು, ತಣ್ಣಗಾದಾಗ ಅದರ ಪಿಷ್ಟ ಗಟ್ಟಿಯಾಗಿ ಅಗುಳು ಬಿರುಸಾಗುತ್ತದೆ. ಇದಕ್ಕೆ ಒಂದು ಚಮಚೆ ನೀರು ಚಿಮುಕಿಸಿ, ಮುಚ್ಚಿ, ಹಬೆಯಲ್ಲಿ ಕಾಯಿಸಿ, ಬಿಸಿಯಿರುವಾಗಲೇ ಕೈಯಿಂದ ಹಿಸುಕಿ ಸಾರಿನಲ್ಲಿ ಕಲಸುವುದೇ ಮದ್ದು. ಇನ್ನೊಂದು, ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ರಾತ್ರಿಯೆಲ್ಲ ಒಲೆಯ ಕಟ್ಟೆಯ ಮೇಲಿದ್ದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕುವುದನ್ನು ಹೀಗಾಗಿ ನಾನು ನಿಲ್ಲಿಸಿದ್ದೇನೆ. ಉಳಿದವರ ಹೊಟ್ಟೆ ಒಂದು ದಿನದ ವಾಂತಿಯನ್ನು ತಡೆದುಕೊಳ್ಳಬಹುದು, ಆದರೆ ಗುಟುಕು ಗುಟುಕಾಗಿ ನೀರು ಕುಡಿಯುವ ನನ್ನಂಥವರಿಗೆ ಅಷ್ಟರಲ್ಲೇ ಮೈಯ ನೀರು ಬತ್ತಿಹೋಗುತ್ತದೆ.

ಮುದ್ದೆಯ ಕಥೆ ಸ್ವಲ್ಪ ವಿಚಿತ್ರವಾದದ್ದು. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಶಸ್ತ್ರಚಿಕಿತ್ಸೆಯಾದವರಿಗೆ ಹೇಳುವ ಮೊದಲ ಪಾಠವೇ ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕೆಂಬುದು. ನಲವತ್ತು ವರ್ಷ ನುಂಗಿದ ಗಂಟಲಿಗೆ ಮುದ್ದೆ ಅಗಿಯುವುದನ್ನು ಕಲಿಸುವುದು ನನ್ನಿಂದಾಗಲಿಲ್ಲ. ತಂಗಳು ಮುದ್ದೆಯಂತೂ ಕಲ್ಲಿನಂತಾಗಿರುತ್ತದೆ. ಅದಕ್ಕೆ ಹಳೆಯ ದಾರಿಯೇ ಒದಗಿತು: ಫ್ರಿಜ್ಜಿನಲ್ಲಿಟ್ಟ ಮುದ್ದೆಯಲ್ಲಿ ನೆಲ್ಲಿಕಾಯಿ ಗಾತ್ರದಷ್ಟು ಮುರಿದು, ಮಜ್ಜಿಗೆಯಲ್ಲಿ ಗಂಟಿಲ್ಲದಂತೆ ಕಿವುಚಿ, ಉಪ್ಪು ಹಾಕಿ ಹನ್ನೊಂದು ಗಂಟೆಯ ಹೊತ್ತಿಗೆ ಚಮಚೆಯಲ್ಲಿ ಕುಡಿಯುತ್ತೇನೆ. ಇದು ಬೇಗ ಇಳಿದುಹೋಗುವುದರಿಂದ ಹಸಿವು ಹೆಚ್ಚು ಹೊತ್ತು ತಡೆಯುವುದಿಲ್ಲ, ಲೋಟ ದೊಡ್ಡದಾಗದಂತೆ ನೋಡಿಕೊಳ್ಳಬೇಕು.

ಕಚೇರಿಯ ಮೈಕ್ರೋವೇವನ್ನು ಪೂರ್ತಿ ಬಿಟ್ಟಿಲ್ಲ, ಬಳಸುವ ರೀತಿ ಬದಲಾಗಿದೆ. ಅರ್ಧ ಉರಿಗೆ ಇಳಿಸಿ, ಒದ್ದೆ ಮಾಡಿ ಹಿಂಡಿದ ಕಾಗದದ ಕರವಸ್ತ್ರವನ್ನು ಡಬ್ಬಿಯ ಮೇಲೆ ಹೊದಿಸಿ, ಒಂದು ನಿಮಿಷಕ್ಕೊಮ್ಮೆ ತೆಗೆದು ಕಲಕುತ್ತೇನೆ, ಏಕೆಂದರೆ ಅದು ಅಂಚನ್ನು ಸುಟ್ಟು ನಡುವನ್ನು ತಣ್ಣಗೇ ಬಿಡುವ ಯಂತ್ರ. ಕೊನೆಗೆ ಎರಡು ನಿಮಿಷ ಮುಚ್ಚಿಟ್ಟರೆ ಬಿಸಿ ಎಲ್ಲೆಡೆ ಹರಡುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ತೊಂದರೆ ಉಳಿದಿತ್ತು, ಅದನ್ನು ಗುರುತಿಸಲು ನನಗೆ ತಿಂಗಳುಗಳೇ ಬೇಕಾದವು. ನಾಲ್ಕು ಚಮಚೆ ಊಟಕ್ಕೆ ಇಪ್ಪತ್ತೈದು ನಿಮಿಷ ತೆಗೆದುಕೊಂಡರೆ ಕೊನೆಯ ಚಮಚೆಯ ಹೊತ್ತಿಗೆ ಅದು ತಟ್ಟೆಯಲ್ಲಿ ಮತ್ತೆ ಆರಿ, ಒಣಗಿ, ತಂಗಳಿನ ತಂಗಳಾಗಿರುತ್ತದೆ. ನನಗೆ ಸಿಕ್ಕಿಕೊಳ್ಳುತ್ತಿದ್ದದ್ದು ಯಾವಾಗಲೂ ಆ ಕೊನೆಯ ತುತ್ತುಗಳೇ. ಈಗ ಬಿಸಿ ಸಾರನ್ನು ಒಂದು ಸಣ್ಣ ಫ್ಲಾಸ್ಕಿನಲ್ಲಿ ಪಕ್ಕದಲ್ಲಿಟ್ಟುಕೊಂಡು, ನಡುವೆ ಒಂದೊಂದು ಚಮಚೆ ಬೆರೆಸಿಕೊಳ್ಳುತ್ತೇನೆ. ಅದನ್ನು ಕುಡಿಯುವುದಿಲ್ಲ, ಕಲಸುವುದಕ್ಕಷ್ಟೇ.

ಎದೆಯಲ್ಲಿ ಒತ್ತಿದಂತಾದರೆ, ಅಥವಾ ಮೂಗಿನಲ್ಲಿ ನೀರು ಬಂದರೆ, ನನ್ನ ಮಟ್ಟಿಗೆ ಅದು ಎದ್ದೇಳುವ ಸೂಚನೆ. ತಟ್ಟೆಯಲ್ಲಿ ಒಂದೇ ತುತ್ತಿದ್ದರೂ ಸರಿ. ಮನೆಮಂದಿ ಬಿಟ್ಟದ್ದನ್ನೆಲ್ಲ ಚೆಲ್ಲಬಾರದೆಂದು ತಾನೇ ತಿಂದು ಪಾತ್ರೆ ಖಾಲಿ ಮಾಡುವ ಹೆಂಗಸರ ಅಭ್ಯಾಸ ನನ್ನ ತೂಕಕ್ಕೆ ಎಷ್ಟು ಸೇರಿಸಿತ್ತೋ ಲೆಕ್ಕವಿಲ್ಲ. ನೀರೂ ಇಳಿಯದಂತಾದರೆ, ಅಥವಾ ವಾಂತಿ ದಿನ ಕಳೆದರೂ ನಿಲ್ಲದಿದ್ದರೆ, ಅಡುಗೆಯ ಯುಕ್ತಿ ಹುಡುಕದೆ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಬೇಕೆಂದು ನಮಗೆ ಹೇಳಿದ್ದರು. ಕೊಳವೆ ಕಿರಿದಾಗಿರಬಹುದು, ವಾಂತಿ ಮುಂದುವರಿದರೆ ಬಿ1 ಜೀವಸತ್ವ ಬೇಗ ಬರಿದಾಗಿ ನರಗಳಿಗೇ ಪೆಟ್ಟು ಬೀಳಬಹುದು.

ಚಪಾತಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಬೇಳೆಸಾರಿನಲ್ಲಿ ನೆನೆಸಿದೆ, ಹಬೆಗಿಟ್ಟೆ, ಹಾಲಿನಲ್ಲಿ ಮುರಿದುಹಾಕಿದೆ. ಪ್ರತಿ ಸಲವೂ ಒಳಗೆ ಹೋಗಿ ಹಿಟ್ಟಿನ ಉಂಡೆಯಾಗಿ ಕೂತಿತು. ಸದ್ಯಕ್ಕೆ ಮಿಕ್ಕ ಚಪಾತಿಯೆಲ್ಲ ಬೀದಿಯ ಹಸುವಿಗೆ ಹೋಗುತ್ತದೆ.